ಕೊಡ ಒಡೆದವರು, ಕೊಡ ಹೊತ್ತವರು

“ಸರ್, ಪ್ರಬಂಧ ಬರೆಯುವ ಮೊದಲೇ ತೀರ್ಮಾನ ಬರೆದು ಕಳಿಸಿದರೆ ತಪ್ಪೇ?” ಎಂದು ನೀಲಗಂಗಾ ಕೇಳಿದಳು.

ಮರುಳಯ್ಯ ಮೇಷ್ಟ್ರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ತೀರ್ಮಾನ ಯಾರಿಗೆ ಬೇಕಂತೆ?”

“ವಿಚಾರ ಸಂಕಿರಣದವರಿಗೆ. ಸಾಹಿತ್ಯ ಮತ್ತು ಸಿನಿಮಾ ಅಂತ ವಿಷಯ. ಸಾರಾಂಶ ಕಳಿಸೋಕೆ ಇವತ್ತು ಸಂಜೆಯೇ ಕೊನೆ. ಅದರಲ್ಲಿ ತೀರ್ಮಾನ ಇರಲೇಬೇಕಂತೆ.”

“ನಿನ್ನದೇನು?”

“ಕಾದಂಬರಿಯಲ್ಲಿ ಗೆದ್ದ ಹೆಂಗಸನ್ನು ಸಿನಿಮಾ ಸೋಲಿಸಿತು ಅಂತ.”

“ಸೋಲಿಸಿತಾ?”

“ಸಿನಿಮಾ ಇನ್ನೂ ನೋಡೋಕೆ ಸಿಕ್ಕಿಲ್ಲ ಸರ್. ಆದರೆ ಸಾಮಾನ್ಯವಾಗಿ ಸೋಲಿಸ್ತಾರೆ.”

ಮೇಷ್ಟ್ರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು. ನೀಲಗಂಗಾಳಿಗೆ ಆತುರ. ಎಲ್ಲಿಯಾದರೂ ಒಂದು ಕಡೆ ಪ್ರಬಂಧ ಮಂಡಿಸದಿದ್ದರೆ ವಿಶ್ವವಿದ್ಯಾಲಯ ಅವಳ ಪಿಎಚ್.ಡಿ. ಮಹಾಪ್ರಬಂಧವನ್ನು ಮುಟ್ಟುತ್ತಿರಲಿಲ್ಲ. ಈ ಸಂಕಿರಣ ತಪ್ಪಿದರೆ ಇನ್ನೊಂದು ವರ್ಷ ಹಾಸ್ಟೆಲಿನ ಸಾರು.

“ಆಮೇಲೆ ಸಿನಿಮಾ ನೋಡಿ ತಿದ್ದಿಕೊಳ್ತೀನಿ ಸರ್. ತಿದ್ದಬಹುದಲ್ಲ?”

ಮೇಷ್ಟ್ರು ಬುಟ್ಟಿಯನ್ನು ಅವಳ ಕಡೆಗೆ ತಳ್ಳಿದರು.

“ಕೂತ್ಕೋ. ಸುಲಿ. ಒಂದು ಕತೆ ಹೇಳ್ತೀನಿ.”

ನೀಲಗಂಗಾ ಗೋಡೆಯ ಗಡಿಯಾರ ನೋಡಿದಳು. ಕೂತಳು. ಮೇಷ್ಟ್ರು ಹೇಳತೊಡಗಿದರು.

ಒಬ್ಬ ವಿದ್ವಾಂಸನಿದ್ದ. ಕೆಟ್ಟವನಲ್ಲ. ಓದಿಕೊಂಡವನು. ಒಂದು ದಿನ ಅವನಿಗೂ ಹೀಗೆಯೇ ಒಂದು ವಿಚಾರ ಸಂಕಿರಣದ ಕರೆ ಬಂತು. ಚಲನಚಿತ್ರದಲ್ಲಿ ಹೆಣ್ಣು ಮತ್ತು ನೀರು ಎಂದು ವಿಷಯ. ವಿದ್ವಾಂಸನ ಹತ್ತಿರ ಹೆಣ್ಣೂ ಇರಲಿಲ್ಲ, ನೀರೂ ಇರಲಿಲ್ಲ. ರದ್ದಿ ಅಂಗಡಿಯಲ್ಲಿ ಕೊಂಡಿದ್ದ ಒಂದು ಹಾಡಿನ ಪುಸ್ತಕವಿತ್ತು.

ಹಿಂದೆ ಟಾಕೀಸುಗಳಲ್ಲಿ ಆಟ ಶುರುವಾಗುವ ಮೊದಲು ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಹಾಡುಗಳ ಜೊತೆಗೆ ಕತೆಯನ್ನೂ ಅಚ್ಚು ಹಾಕುತ್ತಿದ್ದರು. ಪೂರ್ತಿ ಕತೆಯಲ್ಲ. ಗಂಟು ಬಿಗಿಯಾಗುವವರೆಗೆ ಹೇಳಿ, ಮುಂದೇನಾಯಿತು ಎಂಬುದನ್ನು ತೆರೆಯ ಮೇಲೆ ನೋಡಿ ಎಂದು ನಿಲ್ಲಿಸಿಬಿಡುತ್ತಿದ್ದರು. ಟಿಕೆಟ್ ಮಾರಬೇಕಲ್ಲ.

ವಿದ್ವಾಂಸನ ಹತ್ತಿರವಿದ್ದ ಪುಸ್ತಕದ ಕತೆ ಇಷ್ಟು. ಒಬ್ಬ ಹೆಂಗಸು. ಅವಳ ಗಂಡ ದುಡಿಮೆಗೆಂದು ಹೊಳೆ ದಾಟಿ ಹೋದವನು ಬರಲಿಲ್ಲ. ಅವಳು ದಿನಾ ನೀರಿನ ನೆವದಲ್ಲಿ ಹೊಳೆಗೆ ಬಂದು ಕಾಯುತ್ತಾಳೆ. ಕೊನೆಗೊಂದು ದಿನ ಅಂಬಿಗ ಸುದ್ದಿ ತರುತ್ತಾನೆ. ಅವಳು ತುಂಬಿದ ಕೊಡ ಹಿಡಿದು ನಿಂತಿದ್ದಾಳೆ. ಅಲ್ಲಿಗೆ ಪುಸ್ತಕ ನಿಂತಿತ್ತು.

ಚಿತ್ರ ಯಾರ ಬಳಿಯೂ ಉಳಿದಿರಲಿಲ್ಲ. ನೋಡಿದವರೂ ಯಾರೂ ಸಿಗಲಿಲ್ಲ. ಕಳಿಸಲು ಕೊನೆಯ ದಿನ ಬಂತು. ವಿದ್ವಾಂಸ ಕೂತು ಯೋಚಿಸಿದ. ಅಂಥ ಸುದ್ದಿ ಕೇಳಿದ ಹೆಂಗಸು ಏನು ಮಾಡಿಯಾಳು? ಪೆನ್ನು ತೆಗೆದು ಬರೆದ. ‘ಆಕೆ ಕೊಡವನ್ನು ಕಲ್ಲಿಗೆ ಅಪ್ಪಳಿಸುತ್ತಾಳೆ. ಒಡೆದದ್ದು ಕೊಡವಲ್ಲ, ಕುಟುಂಬವೆಂಬ ವ್ಯವಸ್ಥೆ.’

ಬರೆದದ್ದನ್ನು ಓದಿಕೊಂಡ. ಚೆನ್ನಾಗಿತ್ತು. ಒಳಗೆ ಸ್ವಲ್ಪ ಚುಚ್ಚಿತು. ಇದು ಸಾರಾಂಶ ತಾನೆ, ರೀಲು ಸಿಕ್ಕಾಗ ತಿದ್ದಿದರಾಯಿತು ಎಂದುಕೊಂಡ. ಕಳಿಸಿದ.

“ಒಪ್ಪಿದರಾ ಸರ್?” ಎಂದಳು ನೀಲಗಂಗಾ.

“ಒಪ್ಪದೆ? ಸುಲಿ.”

ಪ್ರಬಂಧ ಮಂಡನೆಯಾಯಿತು. ಸಭೆ ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, “ಒಡೀಬೇಕು ಸ್ವಾಮಿ, ಒಡೀಲೇಬೇಕು!” ಎಂದು ಮೇಜು ಗುದ್ದಿದರು. ಪ್ರಬಂಧ ಅಚ್ಚಾಯಿತು. ಅದನ್ನು ಇನ್ನೊಬ್ಬ ಉದ್ಧರಿಸಿದ, ಆ ಇನ್ನೊಬ್ಬನನ್ನು ಮತ್ತೊಬ್ಬ ಉದ್ಧರಿಸಿದ. ಕೊಡ ಒಡೆದದ್ದು ಖಾತ್ರಿಯಾಯಿತು.

ಹೀಗಿರುವಾಗ ಬೇರೊಂದು ಸಂಕಿರಣದಲ್ಲಿ ಪಕ್ಕದ ಊರಿನ ವಿದ್ವಾಂಸನೊಬ್ಬ ಎದ್ದ. ಕೊಡ ಒಡೆಯಲಿಲ್ಲ ಎಂದ. ಆಕೆ ಕಣ್ಣೀರು ಒರೆಸಿಕೊಂಡು ಕೊಡವನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆಯುತ್ತಾಳೆ, ನಮ್ಮ ಪರಂಪರೆಯ ತಾಳ್ಮೆ ಅಂದರೆ ಅದೇ ಎಂದ. ಮೊದಲನೆಯ ವಿದ್ವಾಂಸನ ಮೈ ಉರಿಯಿತು.

“ಒಡೆಯಲಿಲ್ಲ ಅನ್ನೋದಕ್ಕೆ ನಿಮ್ಮ ಆಧಾರವೇನು?”

“ಒಡೆದಳು ಅನ್ನೋದಕ್ಕೆ ನಿಮ್ಮ ಹತ್ತಿರ ಏನಿದೆಯೋ ಅದೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಅರ್ಥವಾಯಿತು. ಇಬ್ಬರೂ ಕೂತರು. ಆಮೇಲೆ ಅವರು ವರ್ಷಗಟ್ಟಲೆ ಜಗಳವಾಡಿದರು. ಆಧಾರವನ್ನು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ.

ಜಗಳ ಬೆಳೆಯಿತು. ಕೊಡ ಒಡೆದವರು ಒಂದು ಪಂಗಡ, ಕೊಡ ಹೊತ್ತವರು ಇನ್ನೊಂದು ಪಂಗಡ. ಸಂಕಿರಣದ ಊಟದಲ್ಲಿ ಅವರ ಸಾಲು ಬೇರೆ, ಇವರ ಸಾಲು ಬೇರೆ. ಅವರ ಶಿಷ್ಯರನ್ನು ಇವರು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನಡುವೆ ಒಬ್ಬ ಹುಂಬ ಬಂದು, ಆ ಕಾಲದಲ್ಲಿ ಆ ಸೀಮೆಯಲ್ಲಿ ಹಿತ್ತಾಳೆ ಕೊಡಗಳಿದ್ದವು, ಅಪ್ಪಳಿಸಿದರೆ ನೆಗ್ಗೀತು ಹೊರತು ಒಡೆಯದು ಎಂದು ಸಾಧಿಸಿದ. ಅವನನ್ನು ಯಾವ ಸಾಲಿನಲ್ಲೂ ಊಟಕ್ಕೆ ಕೂರಿಸಲಿಲ್ಲ. ಪಾಪ, ಅವನು ನಿಂತೇ ಉಂಡ.

ನೀಲಗಂಗಾ ನಕ್ಕಳು. ಒಂದು ಕಾಳು ಕೈ ತಪ್ಪಿ ಕುರ್ಚಿಯ ಕೆಳಗೆ ಹೋಯಿತು.

“ಎತ್ತು” ಎಂದರು ಮೇಷ್ಟ್ರು. ಅವಳು ಎತ್ತಿದ ಮೇಲೆ ಮುಂದುವರಿಸಿದರು.

ವಿದ್ವಾಂಸ ದೊಡ್ಡವನಾದ. ಕೊಡ ಅವನಿಗೆ ಕುರ್ಚಿ ಕೊಟ್ಟಿತು, ಶಾಲು ಕೊಟ್ಟಿತು, ಹಾರ ಕೊಟ್ಟಿತು. ಒಂದು ಭಯ ಮಾತ್ರ ಇತ್ತು. ಎಲ್ಲಾದರೂ ಹಳೆಯ ರೀಲು ಸಿಕ್ಕಿತಂತೆ ಎಂದು ಸುದ್ದಿ ಬಂದರೆ ಅವನು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಬೇರೆ ಯಾವುದೋ ಚಿತ್ರವೆಂದು ತಿಳಿದ ಮೇಲೆಯೇ ಅನ್ನ ಸೇರುತ್ತಿತ್ತು.

ಕೊನೆಗೆ ಅದೇ ಸಿಕ್ಕಿತು. ಯಾವುದೋ ಊರಿನಲ್ಲಿ ಟೆಂಟ್ ಸಿನಿಮಾ ನಡೆಸುತ್ತಿದ್ದವರ ಮನೆಯ ಅಟ್ಟದಲ್ಲಿ ರೀಲಿನ ಡಬ್ಬಿಗಳಿದ್ದವು. ಮನೆಯವರು ಅವುಗಳನ್ನು ಬಿಸಿಲಿಗೆ ತಂದಿಟ್ಟು ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಒಂದು ಸಂಕಿರಣದ ಸಂಘಟಕರು ಹೋಗಿ ಹಪ್ಪಳ ಎತ್ತಿಸಿ ಡಬ್ಬಿ ತಂದರು. ಈ ಸಲದ ವಿಶೇಷ ಆ ಚಿತ್ರದ ಪ್ರದರ್ಶನ ಎಂದು ಸಾರಿದರು.

ವಿದ್ವಾಂಸ ಹೋದ. ಹೋಗದೆ ಉಳಿದರೆ ಎಲ್ಲರಿಗೂ ಸಂಶಯ. ಹೋದರೆ ಎಲ್ಲರ ಎದುರಿಗೆ ಮಾನ ಹೋಗುವುದು. ಯಾವುದಾದರೂ ಒಂದು ಆಗಲಿ ಎಂದು ಹೊರಟ. ಅಲ್ಲಿ ಹೋಗಿ ನೋಡಿದರೆ ಸಂಘಟಕರು ಕಾರ್ಯಕ್ರಮವನ್ನು ಹೊಂದಿಸಿದ್ದ ರೀತಿಯೇ ಬೇರೆ. ಹೊತ್ತು ಸಾಲದೆಂದು ಎರಡು ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟಿದ್ದರು. ಕೆಳಗಿನ ಸಭಾಂಗಣದಲ್ಲಿ ಚಿತ್ರ. ಮೇಲಿನ ಸಭಾಂಗಣದಲ್ಲಿ ಆ ಚಿತ್ರದ ಕೊನೆಯ ದೃಶ್ಯದ ಬಗ್ಗೆ ಗೋಷ್ಠಿ. ಗೋಷ್ಠಿಯಲ್ಲಿ ಸಹಿ ಹಾಕದವರಿಗೆ ಪ್ರಮಾಣಪತ್ರವಿಲ್ಲ. ಎಲ್ಲರೂ ಮೇಲೆ ಹೋದರು.

ವಿದ್ವಾಂಸ ಕೆಳಗೆ ಹೋದ. ತನ್ನ ಗುಟ್ಟನ್ನು ಯಾರ‍್ಯಾರು ನೋಡುತ್ತಾರೆಂದು ತಿಳಿಯಬೇಕಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಯಂತ್ರ ಓಡಿಸುವವನು ಕಿಂಡಿಯಿಂದ ತಲೆ ಹಾಕಿ, “ನೀವೊಬ್ಬರೇನಾ? ಬೇಗ ಕೂರಿ. ರೀಲು ಪುಡಿಯಾಗ್ತಾ ಇದೆ, ಇನ್ನೊಂದು ಸಲ ಓಡಲ್ಲ” ಎಂದು ದೀಪ ಆರಿಸಿ ಚಿತ್ರ ಹಾಕಿದ.

ಚಿತ್ರ ಓಡಿತು. ಹೊಳೆ ಬಂತು, ಕಾಯುವುದು ಬಂತು, ಹಾಡು ಬಂತು. ಅಂಬಿಗ ಬಂದ. ನಿನ್ನ ಗಂಡ ಅಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆ ತಾಯಿ ಎಂದ. ಹೆಂಗಸು ಕೊಡ ಹಿಡಿದು ನಿಂತಳು. ವಿದ್ವಾಂಸ ಕುರ್ಚಿಯ ಕೈ ಹಿಡಿದು ಕೂತ.

ಹೆಂಗಸು ಕೊಡವನ್ನು ದಡದಲ್ಲಿ ಇಳಿಸಿದಳು. ದೋಣಿ ಹತ್ತಿದಳು. “ಸ್ವಲ್ಪ ಆಚೆ ಸರಿ” ಎಂದು ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡಳು. ದೋಣಿ ಹೋಯಿತು. ಹೊಳೆಯ ಆಚೆಗಲ್ಲ, ಹರಿವಿನ ಗುಂಟ ಕೆಳಕ್ಕೆ, ಗಂಡನೂ ಇಲ್ಲದ ಊರೂ ಇಲ್ಲದ ಕಡೆಗೆ. ಕೊಡ ಎಲ್ಲಿಟ್ಟಿದ್ದಳೋ ಅಲ್ಲೇ ಇತ್ತು. ಶುಭಂ ಎಂದು ಬಂತು. ರೀಲು ಪಟಪಟನೆ ಹರಿದು ಚೂರಾಯಿತು.

ವಿದ್ವಾಂಸ ಮೊದಲು ನಕ್ಕ. ಆಮೇಲೆ ಅವನ ಕಣ್ಣು ತುಂಬಿತು. ಇಷ್ಟು ವರ್ಷ ಅವರೆಲ್ಲ ಕೊಡದ ಹಿಂದೆ ಬಿದ್ದಿದ್ದರು. ಹೆಂಗಸಿನ ಕಡೆಗೆ ಒಬ್ಬನೂ ತಿರುಗಿರಲಿಲ್ಲ. ಅವನಿಗೆ ಮಾನದ ಚಿಂತೆ ಹೋಯಿತು. ಇದನ್ನು ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಅನ್ನಿಸಿತು. ಮೆಟ್ಟಿಲು ಹತ್ತಿ ಓಡಿದ. ಗೋಷ್ಠಿಯ ನಡುವೆಯೇ ಕೈ ಎತ್ತಿದ.

“ನಾನು ಈಗ ಆ ಚಿತ್ರ ನೋಡಿಕೊಂಡು ಬಂದೆ” ಎಂದ.

ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು.

“ಸಂತೋಷ. ಅದರ ಬಗ್ಗೆ ಸಾರಾಂಶ ಕಳಿಸಿದ್ದೀರಾ?”

“ಈಗ ತಾನೆ ನೋಡಿದ್ದು.”

“ಹಾಗಾದರೆ ಮುಂದಿನ ವರ್ಷ ಕಳಿಸಿ. ಕೂರಿ. ಬೇರೆಯವರ ಸಮಯ ತಿನ್ನಬೇಡಿ.”

ಪಕ್ಕದ ಊರಿನ ವಿದ್ವಾಂಸ ಅವನ ರಟ್ಟೆ ಹಿಡಿದು ಮೊಗಸಾಲೆಗೆ ಎಳೆದ.

“ನೋಡಿಬಿಟ್ಟೆಯಾ?”

“ನೋಡಿದೆ.”

“ಒಡೆದಳಾ?”

“ಇಲ್ಲ.”

ಅವನ ಮುಖ ಅರಳಿತು. “ಹೊತ್ತಳು ಅನ್ನು!”

“ಹೊರಲೂ ಇಲ್ಲ.”

ಮುಖ ಬಾಡಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. “ನೋಡಪ್ಪಾ, ನೀನು ಏನೂ ನೋಡಿಲ್ಲ. ನನ್ನ ಶಿಷ್ಯೆಯೊಬ್ಬಳು ಕೊಡ ಹೊತ್ತದ್ದರ ಮೇಲೆ ಪಿಎಚ್.ಡಿ. ಮುಗಿಸಿದ್ದಾಳೆ. ಬರುವ ವಾರ ಮೌಖಿಕ ಪರೀಕ್ಷೆ. ಅದರ ಮೇಲೆ ಮದುವೆ ಗೊತ್ತಾಗಿದೆ. ಮುತ್ತಿನಂಥ ಹುಡುಗಿ. ನಿನಗೂ ಶಿಷ್ಯರಿದ್ದಾರೆ. ಬಾ, ಒಳಗೆ ಹೋಗಿ ಜಗಳ ಆಡೋಣ.”

ವಿದ್ವಾಂಸ ಒಳಗೆ ಹೋಗಲಿಲ್ಲ. ಮನೆಗೆ ಬಂದು, ಕಂಡದ್ದನ್ನು ಕಂಡ ಹಾಗೆ ಬರೆದ. ಬಾಳಿನಲ್ಲಿ ಮೊದಲ ಸಲ ಅವನಿಗೆ ದೊಡ್ಡ ಪದಗಳು ಬೇಕಾಗಲಿಲ್ಲ. ಮುಂದಿನ ಸಂಕಿರಣಕ್ಕೆ ಸಾರಾಂಶ ಕಳಿಸಿದ. ಅಲ್ಲಿ ಒಂದು ಪದ್ಧತಿ. ಬರೆದವರ ಹೆಸರನ್ನು ತೆಗೆದು ಪರಿಶೀಲಕರಿಗೆ ಕೊಡುತ್ತಾರೆ. ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯುವುದಿಲ್ಲ, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ತಿಳಿಯುವುದಿಲ್ಲ. ಪಕ್ಷಪಾತ ಆಗಬಾರದೆಂದು.

ಉತ್ತರ ಬಂತು. ‘ಲೇಖಕರಿಗೆ ಈ ಕ್ಷೇತ್ರದ ಪ್ರಾಥಮಿಕ ಪರಿಚಯವೂ ಇದ್ದಂತಿಲ್ಲ. ದೋಣಿ ಮುಂತಾದ ಕಲ್ಪನೆಗಳಿಗೆ ಆಧಾರ ಕೊಟ್ಟಿಲ್ಲ. ಕೊಡ ಒಡೆಯುವ ಪ್ರಸಂಗದ ಬಗ್ಗೆ ಪ್ರಸಿದ್ಧವಾದ ಮೂಲ ಪ್ರಬಂಧವೊಂದಿದೆ. ಇವರು ಅದನ್ನು ಮೊದಲು ಶ್ರದ್ಧೆಯಿಂದ ಓದಲಿ. ತಿರಸ್ಕರಿಸಲಾಗಿದೆ.’

ನೀಲಗಂಗಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಪ್ಪೆಯೂ ಕಾಳೂ ಒಂದೇ ಬಟ್ಟಲಿಗೆ ಬಿದ್ದವು.

“ಅಯ್ಯೋ ಸರ್! ಅದು ಅವನದೇ ಪ್ರಬಂಧ!”

“ಹೌದು.”

“ಅದನ್ನು ಬರೆದವನು ನಾನೇ, ಅದು ತಪ್ಪು ಅಂತ ಹೇಳಬಾರದಿತ್ತೇ?”

“ಯಾರಿಗೆ? ಪರಿಶೀಲಕರ ಹೆಸರು ಗೊತ್ತಿಲ್ಲವಲ್ಲ.”

“ರೀಲು?”

“ಚೂರು.”

“ಯಂತ್ರ ಓಡಿಸಿದವನು?”

“ಅವನು ಯಂತ್ರ ನೋಡ್ತಾ ಇದ್ದ.”

ನೀಲಗಂಗಾ ಕಣ್ಣು ಒರೆಸಿಕೊಂಡಳು. ನಗು ಇನ್ನೂ ನಿಂತಿರಲಿಲ್ಲ.

“ಹಾಗಾದರೆ ಕೊನೆಯನ್ನು ಕಂಡವನು ಈ ಭೂಮಿಯ ಮೇಲೆ ಅವನೊಬ್ಬನೇ. ಆಮೇಲೆ ಏನು ಮಾಡಿದ ಸರ್?”

ಮೇಷ್ಟ್ರು ಬಟ್ಟಲಿನಿಂದ ಸಿಪ್ಪೆ ಹೆಕ್ಕುತ್ತ ಹೇಳಿದರು.

“ಓದು ಅಂದರಲ್ಲ, ಶ್ರದ್ಧೆಯಿಂದ ಓದಿದ; ಈಗ ಕೇಳಿದರೆ, ಅವಳು ಕೊಡ ಒಡೆದದ್ದನ್ನು ಕಣ್ಣಾರೆ ನೋಡಿದ್ದೇನೆ ಅನ್ನುತ್ತಾನೆ.”