ಅರಸ ಹಾಕಿದ ಬ್ರೇಕ್ ಪ್ಯಾಡು

"ಕೇಳ್ರಪ್ಪೋ ಕೇಳಿ! ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಅಮ್ಮಣ್ಣಿಯವರನ್ನೇ ಕೊಟ್ಟು ಮದುವೆ! ತಪ್ಪು ಹೇಳಿದವನನ್ನು ಬ್ರೇಕ್ ಕಿತ್ತ ಕಾರಿನಲ್ಲಿ ಕೂರಿಸಿ ಘಾಟಿಗೆ ಬಿಡಲಾಗುವುದು!"

ಅರಸನಿಗೆ ಕಾರೆಲ್ಲಿಂದ ಬಂತು ಅನ್ನಬೇಡಿ. ಹುಲಿಕೊಳ್ಳದ ಅರಸನಿಗೆ ಹಲವಿದ್ದವು, ಒಂದಂತೂ ಎಬಿಎಸ್ ಸಮೇತ ಇತ್ತು. ಎಷ್ಟು ಒತ್ತಿ ಬ್ರೇಕ್ ತುಳಿದರೂ ಚಕ್ರ ಬಿಗಿದು ಕಾರು ಜಾರದಂತೆ ಕಾಯುವ ಪೆಟ್ಟಿಗೆಯೇ ಎಬಿಎಸ್. ಆದರೂ ಡಂಗುರಕ್ಕೆ ವಾರದ ಹಿಂದೆ ಘಾಟಿಯ ಮೊದಲ ತಿರುವಿನಲ್ಲೇ ಆ ಕಾರು ಕೊಳ್ಳಕ್ಕೆ ಬಿದ್ದು ಯುವರಾಜ ಸತ್ತ. ಅರಸ ತನ್ನ ಕಾರು ನೋಡಿಕೊಳ್ಳುವ ಖಾಸಿಂ ಮೇಸ್ತ್ರಿಯನ್ನು ಸೆರೆಗೆ ಹಾಕಿದ. ಅಮಾವಾಸ್ಯೆಗೆ ನೇಣು.

ಕೆಂಚ ಆ ಮೇಸ್ತ್ರಿಯ ಕೈಕೆಳಗೆ ಪಂಕ್ಚರ್ ಹಾಕುತ್ತಿದ್ದವನು. ನಡೆದದ್ದು ಅವನಿಗೆ ಗೊತ್ತಿತ್ತು. ಯುವರಾಜ ಸಾಯುವ ಹಿಂದಿನ ದಿನ ಅರಸ, "ನಾಲ್ಕು ಬ್ರೇಕ್ ಪ್ಯಾಡ್ ಬದಲಾಯಿಸೋಕೆ ಮೇಸ್ತ್ರಿ ಯಾಕಯ್ಯಾ?" ಎಂದು ಮೇಸ್ತ್ರಿಯನ್ನು ಗೇಟಿನಾಚೆ ಕಳಿಸಿ, ತಾನೇ ಅಂಗಿ ತೋಳು ಮಡಚಿ ಕೂತಿದ್ದ. ಈಗ ಮೇಸ್ತ್ರಿ ಹೇಳಿದರೂ ಕೇಳ, ಮಗಳು ಹೊನ್ನಾಜಮ್ಮಣ್ಣಿ ಹೇಳಿದರೂ ಕೇಳ. ಮೇಸ್ತ್ರಿಯ ಕುತ್ತಿಗೆ ಉಳಿಸಲು ಬೇರೆ ದಾರಿ ಕಾಣದೆ, ಒಗಟಿನ ನೆಪದಲ್ಲಾದರೂ ಅರಸನ ಮುಂದೆ ನಿಲ್ಲಲು ಕೆಂಚ ಅರಮನೆಗೆ ಬಂದ.

ಅವನ ಮುಂದೆ ಸಾಲಿನಲ್ಲಿ ಒಬ್ಬ ಪಾಳೆಯಗಾರ, ಒಬ್ಬ ಪಂಡಿತ.

ಅಮ್ಮಣ್ಣಿ ಪಾಳೆಯಗಾರನನ್ನು ಕೇಳಿದಳು: "ಬಂದ ದಾರಿಯಲ್ಲೇ ಹಿಂದಕ್ಕೆ ನೂಕಿದರೆ ಕಾವಲುಗಾರನನ್ನೇ ಕೊಲ್ಲುವ ಕೊಳೆ. ಬಾಗಿಲು ತೆಗೆದು ಹೊರಗೆ ಬಿಟ್ಟರೆ ಯಾರಿಗೂ ಕೇಡಿಲ್ಲ. ಏನದು?"

"ಶತ್ರು ಸೈನ್ಯ!" ಎಂದ ಮೀಸೆಯ ಮೇಲೆ ಕೈಯಿಟ್ಟು. ಆ ಮೀಸೆ ಕೊಳ್ಳ ಮುಟ್ಟುವ ತನಕ ಅವನ ಕೂಗು ಕೇಳಿಸಿತು.

ಪಂಡಿತನಿಗೆ ಎರಡನೆಯದು ಸಿಕ್ಕಿತು: "ನೇಣಿಗೆ ಹಾಕಿದರೆ ಅವನು ಸಾಯುವುದಿಲ್ಲ, ಹಗ್ಗ ಸಾಯುತ್ತದೆ. ಯಾರು?"

"ಆತ್ಮ, ಅಮ್ಮಣ್ಣಿ. ಅದಕ್ಕೆ ಸಾವಿಲ್ಲ."

ಅವನನ್ನೂ ಬ್ರೇಕ್ ಕಿತ್ತ ಇನ್ನೊಂದು ಕಾರಿಗೆ ಹತ್ತಿಸಿದರು.

ಕೆಂಚನಿಗೆ ಆಗ ಹೊಳೆಯಿತು. ಇವು ಒಗಟಲ್ಲ, ಬ್ರೇಕ್ ಕೆಲಸ ಕಲಿಸುವಾಗಿನ ಮೇಸ್ತ್ರಿಯ ಬೈಗುಳ! ಅಮ್ಮಣ್ಣಿ ಸೆರೆಮನೆಗೆ ಹೋಗಿ ಎಲ್ಲ ತಿಳಿದುಕೊಂಡಿದ್ದಾಳೆ. ತಾನು ಹೇಳಿದರೆ ಕೇಳದ ಅಪ್ಪನಿಗೆ ಅದನ್ನು ಪರರ ಬಾಯಲ್ಲಿ ಹೇಳಿಸಲು ಹೊರಟಿದ್ದಾಳೆ. ತಪ್ಪು ಹೇಳಿದರೆ ಕೊಳ್ಳ. ಸರಿ ಹೇಳಿದರೆ ಅರಸನ ಕತ್ತಿ.

"ನೀನು ಯಾರೋ?" ಎಂದ ಅರಸ.

"ಪಂಕ್ಚರ್ ಕೆಂಚ, ಬುದ್ಧಿ. ಮೊದಲನೆಯದು ಹಳೇ ಬ್ರೇಕ್ ಆಯಿಲ್. ಹೊಸ ಪ್ಯಾಡ್ ಕೂರಿಸೋಕೆ, ಪ್ಯಾಡನ್ನ ಒತ್ತೋ ಪಿಸ್ಟನ್ನನ್ನ ಸುಮ್ಮನೆ ಒಳಕ್ಕೆ ಒತ್ತಿದರೆ ಕೊಳೆಯೆಲ್ಲ ಪೈಪ್ ಹತ್ತಿ ಎಬಿಎಸ್ ಪೆಟ್ಟಿಗೆಗೆ ಹೋಗಿ ಆ ಕಾವಲುಗಾರನನ್ನೇ ಕೆಡಿಸ್ತದೆ. ಚಕ್ರದ ಹತ್ತಿರದ ಬ್ಲೀಡರ್ ಸ್ಕ್ರೂ ಸಡಿಲಿಸಿ ಅದನ್ನ ಹೊರಕ್ಕೆ ಬಿಡಬೇಕು. ಎರಡನೆಯದು ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್. ಬಿಚ್ಚಿದ ಮೇಲೆ ಅದನ್ನ ಆಯಿಲ್ ಬರೋ ಹೋಸ್ ಪೈಪಿನಲ್ಲೇ ಜೋತು ಬಿಟ್ಟರೆ ಪೈಪು ಒಳಗೊಳಗೇ ಕಿತ್ತುಹೋಗ್ತದೆ. ತಂತಿ ಕಟ್ಟಿ ನೇತುಹಾಕಬೇಕು."

ಅಮ್ಮಣ್ಣಿ ಮೂರನೆಯದನ್ನು ಕೇಳಿದಳು: "ಹೊರಡುವ ಮೊದಲು ಕೂತಲ್ಲೇ ನಡೆಯಬೇಕು. ಮೊದಲ ಹೆಜ್ಜೆ ಹೂಳಿನಲ್ಲಿ, ಕೊನೆಯದು ಕಲ್ಲಿನ ಮೇಲೆ. ಏನು ಆ ನಡಿಗೆ?"

"ಬ್ರೇಕ್ ಪೆಡಲ್ ತುಳಿಯೋದು, ಅಮ್ಮಣ್ಣಿ. ಪಿಸ್ಟನ್ ಹಿಂದಕ್ಕೆ ಹೋಗಿರ್ತದೆ. ನಿಂತ ಕಾರಲ್ಲೇ ಮೆಲ್ಲಗೆ ನಾಲ್ಕಾರು ಸಲ ತುಳಿದು, ಪೆಡಲ್ ಗಟ್ಟಿಯಾದ ಮೇಲೇ ಹೊರಡಬೇಕು. ಇಲ್ಲದಿದ್ದರೆ ಮೊದಲ ಸಲ ತುಳಿದಾಗ ಕಾಲು ಸೀದಾ ನೆಲಕ್ಕೆ ಹೋಗ್ತದೆ. ಈ ಮೂರರಲ್ಲಿ ಯಾವುದು ಕೊಂದಿತೋ, ಬುದ್ಧಿ. ಒಂದೇ ಸಾಕಿತ್ತು."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. "ಆವತ್ತು ಪೆಡಲ್ ಯಾರು ತುಳಿದು ನೋಡಬೇಕಿತ್ತು?"

"ಪ್ಯಾಡ್ ಹಾಕಿದವರು, ಬುದ್ಧಿ."

ಅರಸ ಕೈ ತೆಗೆದ, ಕತ್ತಿ ಒರೆಯಲ್ಲೇ ಉಳಿಯಿತು.

ಕೆಂಚನಿಗೆ ಅರ್ಧ ರಾಜ್ಯ ಸಿಕ್ಕಿತು. ಬುದ್ಧಿವಂತ, ಸಮತಟ್ಟಾದ ಅರ್ಧವನ್ನೇ ಕೇಳಿ ಪಡೆದನಂತೆ. ಮದುವೆಯೂ ಆಯಿತು. ವಾಲಗವಿಲ್ಲ, ಮನೆಯಲ್ಲಿ ಸಾವಾಗಿತ್ತಲ್ಲ. ಊಟಕ್ಕೆ ಹನ್ನೆರಡು ಸಾವಿರ ಎಲೆ ಬಿತ್ತು ಅನ್ನುತ್ತಾರೆ, ಹನ್ನೆರಡಾದರೂ ಬಿದ್ದಿರಬೇಕು.

ಆದರೆ ಅದಕ್ಕೂ ಮೊದಲು ಅರಸ ಕೆಂಚನನ್ನು ಕರೆದುಕೊಂಡು ಹೋಗಿ ಸೆರೆಮನೆಯ ಬೀಗ ತಾನೇ ತೆಗೆದ. ಮೇಸ್ತ್ರಿ ಗೋಡೆ ಹಿಡಿದು ಎದ್ದುನಿಂತ. ಅರಸ ಕ್ಷಮೆ ಕೇಳಲಿಲ್ಲ, ಕೇಳಿದ್ದು ಇಷ್ಟೇ:

"ಮೇಸ್ತ್ರಿ, ನನ್ನ ಮಗ ಬ್ರೇಕ್ ತುಳಿದಿರ್ತಾನೆ, ಅಲ್ವಾ?"

ಮೇಸ್ತ್ರಿ ಕೆಂಚನ ಮುಖ ನೋಡಿ, ತಲೆ ತಗ್ಗಿಸಿದ.

"ತುಳಿದಿರ್ತಾರೆ, ಸ್ವಾಮಿ. ಕೊನೇ ತನಕ ತುಳೀತಾನೇ ಇದ್ದಿರ್ತಾರೆ."