ಬಲಗಡೆ ಸೀಟಿನ ಹಾಡು

ರುದ್ರಮುನಿಯ ಕಾರಿನ ಎಡಬಾಗಿಲಲ್ಲಿ ಒಂದು ಪುಟ್ಟ ಸ್ಪೀಕರ್ ಇತ್ತು. ಅದರ ಪಕ್ಕದ ಸೀಟು ಅವನ ಹೆಂಡತಿ ನೀಲಮ್ಮನದು. ಹಾಡು ಬಂದಾಗಲೆಲ್ಲ ಅವಳೂ ಗುನುಗುತ್ತಿದ್ದಳು. ಸ್ಪೀಕರಿಗೆ ಅಷ್ಟೇ ಸಾಕಿತ್ತು.

ಒಂದು ದಿನ ಸೀಟಿನಡಿಗೆ ಹೊಸ ಆಂಪ್ಲಿಫೈಯರ್ ಬಂದು ಕೂತಿತು. ಮೆಕ್ಯಾನಿಕ್ ಟೇಪು ಹಿಡಿದು, ಪ್ರತಿ ಸ್ಪೀಕರಿನಿಂದ ರುದ್ರಮುನಿಯ ಕಿವಿಗೆ ಎಷ್ಟು ದೂರವೆಂದು ಅಳೆದ. ಆಂಪ್ಲಿಫೈಯರ್ ಅಪ್ಪಣೆ ಮಾಡಿತು: "ಎಲ್ಲರ ದನಿಯೂ ಒಂದೇ ಗಳಿಗೆಗೆ ಬಲಗಡೆ ಸೀಟು ಮುಟ್ಟಬೇಕು. ಹತ್ತಿರದವರು ತುಸು ತಡೆದು ಹಾಡಿ."

"ಎಡಗಡೆ ಸೀಟಿನ ಗತಿ?" ಎಂದಿತು ಪುಟ್ಟ ಸ್ಪೀಕರ್.

"ಯಜಮಾನರು ಕೂರುವುದು ಒಂದೇ ಸೀಟಿನಲ್ಲಿ."

ಅಂದು ಸಂಜೆ ನೀಲಮ್ಮ ಮುಖ ಕಿವಿಚಿದಳು. "ಏನ್ರೀ ಇದು, ಹಾಡೆಲ್ಲ ನನ್ನ ಕಡೆಗೇ ವಾಲಿಕೊಂಡಿದೆ?"

"ನನ್ನ ಜಾಗದಲ್ಲಿ ಕೂತು ಕೇಳು," ಎಂದ ರುದ್ರಮುನಿ.

ಅವಳು ಹೋಗಿ ಕೂತಳು, ಮುಖ ಅರಳಿತು. ಎಡಗಡೆಗೆ ಬಂದ ರುದ್ರಮುನಿ ಈಗ ತಾನೂ ಮುಖ ಕಿವಿಚಿದ. "ಇಳಿ ಇಳಿ, ಆ ಸೀಟು ನನಗೆ ಬಿಡು," ಎಂದು ಜಾಗ ವಾಪಸು ಪಡೆದ. ಸೆಟ್ಟಿಂಗ್ ಮಾತ್ರ ಬದಲಿಸಲಿಲ್ಲ.

ಮರುವಾರದಿಂದ ನೀಲಮ್ಮ ಸಂತೆಗೆ ಬಸ್ಸಿನಲ್ಲೇ ಹೋಗತೊಡಗಿದಳು.

ರುದ್ರಮುನಿ ಒಬ್ಬನೇ ಕಾರು ತೆಗೆದ. ಹಾಡು ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು. ಅದು ಮುಗಿದಾಗ ಎಂದಿನಂತೆ ಎಡಕ್ಕೆ ತಿರುಗಿ, "ಹೆಂಗಿತ್ತೇ?" ಎಂದ.

ಸೀಟು ಖಾಲಿಯಿತ್ತು.

"ಯಜಮಾನರು ಕೇಳುತ್ತಿದ್ದಾರೆ, ಉತ್ತರ ಕೊಡು," ಎಂದು ಆಂಪ್ಲಿಫೈಯರ್ ಗದರಿತು.

"ಉತ್ತರ ಕೊಡುವವಳ ಕಿವಿಯನ್ನು ನೀವು ಅಳೆಯಲೇ ಇಲ್ಲವಲ್ಲ," ಎಂದಿತು ಪುಟ್ಟ ಸ್ಪೀಕರ್.