ಮಹಡಿ ಮೇಲಿನ ದೂರು ಪುಸ್ತಕ

ನಮ್ಮ ಶಶಿಕಲಕ್ಕ ಅಂಗವಿಕಲರ ಪರ ಕೆಲಸ ಮಾಡೋ ಒಂದು ಸಂಸ್ಥೇಲಿ ಇಂಟರ್ನ್. ತಾಲ್ಲೂಕಿನ ಪಿಂಚಣಿ ಆಫೀಸು ಎರಡನೇ ಮಹಡೀಲಿದೆ, ಲಿಫ್ಟ್ ಇಲ್ಲ. ಅದನ್ನ ಕೆಳಗಿನ ರೂಮಿಗೆ ಇಳಿಸ್ಬೇಕಾ ಬೇಡ್ವಾ ಅಂತ ಅವಳು ವರದಿ ಬರೀಬೇಕಿತ್ತು.

ಸಾಹೇಬ್ರು ದೇವೇಂದ್ರಪ್ಪ ದೂರು ಪುಸ್ತಕ ತೆಗೆದು ಮುಂದಿಟ್ರು. "ನೋಡಮ್ಮ, ಮೂರು ವರ್ಷದಿಂದ ಒಂದು ದೂರೂ ಇಲ್ಲ. ಯಾರಿಗೂ ತೊಂದ್ರೆ ಇಲ್ಲ ಅಂತ ಬರ್ಕೊ."

"ಆಯ್ತು ಸಾರ್. ಸಾಕ್ಷಿಗೆ ಇದನ್ನ ಜೆರಾಕ್ಸ್ ಮಾಡಿಸ್ಲಾ?"

"ಧಾರಾಳವಾಗಿ ಮಾಡಿಸು," ಅಂತ ಸಾಹೇಬ್ರು ಖಾಲಿ ಪುಟಕ್ಕೆಲ್ಲ ತಾವೇ ಸೀಲ್ ಒತ್ತಿ ಪುಸ್ತಕಾನೇ ಅವಳ ಕೈಗೆ ಕೊಟ್ರು.

ಅಕ್ಕ ಕೆಳಗಿಳಿದ್ಲು. ಮೆಟ್ಲು ಹತ್ರ ಗಾಲಿಕುರ್ಚಿಯವರು, ಊರುಗೋಲಿನವರು ಹನ್ನೊಂದು ಜನ ಕಾಯ್ತಿದ್ರು. ಮೇಲಿಂದ ಯಾರಾದ್ರೂ ಇಳಿದು ಬಂದು ಕೇಳ್ಲಿ ಅಂತ ದಿನಾ ಕಾಯೋರು ಅವರು. ಅಕ್ಕ ಪುಸ್ತಕ ತೆರೆದು ಪೆನ್ನು ಕೊಟ್ಲು.

ಸಂಜೆ ಸಾಹೇಬ್ರು ಪುಸ್ತಕ ತೆರೆದು ನೋಡಿದ್ರೆ ಹನ್ನೊಂದು ದೂರು. "ಖಾಲಿ ಪುಸ್ತಕ ಕೊಟ್ಟಿದ್ನಲ್ಲಮ್ಮ."

"ನಿಮ್ಮ ಟೇಬಲ್ ಮೇಲೆ ಖಾಲಿನೇ ಇತ್ತು ಸಾರ್. ಮೂವತ್ತಾರು ಮೆಟ್ಲು ಇಳಿದ್ಮೇಲೆ ತುಂಬ್ತು. ವರದೀಲಿ ಎರಡೂ ಬರ್ದಿದೀನಿ."

ಹಾಳೆ ಹರಿಯೋಣ ಅಂದ್ರೆ ಪ್ರತಿ ಪುಟಕ್ಕೂ ಅವರದೇ ಸೀಲು. ಸಾಹೇಬ್ರು ಪುಸ್ತಕ ಮುಚ್ಚಿಟ್ರು. ಆಮೇಲೆ ಅಟೆಂಡರ್‌ನ ಕರೆದು ಮೆಲ್ಲಗೆ ಕೇಳಿದ್ರು, "ಆ ಕೆಳಗಿನ ರೂಮಿನ ಬೀಗದ ಕೈ ಎಲ್ಲಿಟ್ಟಿದೀಯಪ್ಪ?"